ಹಳೇ ಪಿಕಪ್ ಕೊಳ್ಳೋ ಮುಂಚೆ ಏನೇನು ನೋಡಬೇಕು?

ಪ್ರಶ್ನೆ
ಎಂಟು ವರ್ಷದ ಡೀಸೆಲ್ ಪಿಕಪ್ ಒಂದನ್ನು ನೋಡೋಕೆ ಹೋಗ್ತಿದ್ದೀನಿ. ಟರ್ಬೊ ಇಂಜಿನ್, ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪ್ಲೇಟ್‌ಗಳ ಕಟ್ಟು), ಮೀಟರ್‌ನಲ್ಲಿ 1,40,000 ಕಿ.ಮೀ. ಕಾರು ನೋಡಿ ತಗೊಳ್ಳೋದು ಗೊತ್ತು. ಲೋಡ್ ಹೊತ್ತ ಗಾಡಿಯಲ್ಲಿ ಬೇರೆ ಏನು ಗಮನಿಸಬೇಕು? ಟಾರ್ಚ್, ಸುತ್ತಿಗೆ, ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನಲ್ಲಿರೋ ದೋಷದ ಕೋಡ್ ಓದೋ ಸಾಧನ) ಇದೆ.

ಗ್ರೀಸ್‌ಗನ್ (ಒಬ್ಬ ಸದಸ್ಯರ ಉತ್ತರ)
ಬಾನೆಟ್ ಆಮೇಲೆ ಎತ್ತಿ, ಮೊದಲು ಗಾಡಿ ಅಡಿಗೆ ಹೋಗಿ. ಇಂಜಿನ್ ಬಿಚ್ಚಿ ಕಟ್ಟಬಹುದು, ಬಿರುಕು ಬಿಟ್ಟ ಚಾಸಿಗೆ (ಗಾಡಿ ಹೊತ್ತಿರೋ ಉಕ್ಕಿನ ಚೌಕಟ್ಟಿಗೆ) ಏನು ಮಾಡ್ತೀರಿ? ಹಿಂದಿನ ಆಕ್ಸಲ್ ಮೇಲೆ ಚಾಸಿ ಕಮಾನಿನ ಥರ ಏಳೋ ಜಾಗ, ಸ್ಪ್ರಿಂಗ್ ಬ್ರಾಕೆಟ್ ಸುತ್ತಮುತ್ತ, ಇವೆರಡನ್ನೂ ಮಣ್ಣು ಕೆರೆದು ನೋಡಿ. ಓವರ್‌ಲೋಡ್ ಮಾಡಿದ್ದರೆ ಬಿರುಕು ಹೆಚ್ಚಾಗಿ ಅಲ್ಲೇ ಶುರುವಾಗೋದು. ಸುತ್ತಿಗೆಯಲ್ಲಿ ತಟ್ಟಿ: ಗಟ್ಟಿ ಉಕ್ಕು ಠಣ್ ಅನ್ನುತ್ತೆ, ತುಕ್ಕು ತಿಂದದ್ದು ಡಬ್ ಅನ್ನುತ್ತೆ. ಒಂದು ಅಡಿ ಉದ್ದಕ್ಕೆ ಮಾತ್ರ ಹೊಸ ಕಪ್ಪು ಬಣ್ಣ ಇದ್ದರೆ ಅದರ ಕೆಳಗೆ ವೆಲ್ಡಿಂಗ್ ಇದೆಯಾ ಹುಡುಕಿ.

ಸ್ಪ್ರಿಂಗ್ ಪ್ಲೇಟ್ ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಜಾಸ್ತಿ ಇದ್ದರೆ ಗಾಡಿ ಹೊತ್ತ ಭಾರ ಎಷ್ಟು ಅಂತ ಅದೇ ಹೇಳುತ್ತೆ. ಪ್ಲೇಟಿಗೆ ಅಡ್ಡಲಾಗಿ ತುಕ್ಕಿನ ಕೆಂಪು ಗೆರೆ ಕಂಡರೆ ಅದು ಬಿರುಕು.

ಲೋಡ್‌ಬಾಡಿ (ಇನ್ನೊಬ್ಬ ಸದಸ್ಯರು)
ಇದಕ್ಕೊಂದು ಸೇರಿಸ್ತೀನಿ. ಕೆಲವು ಪಿಕಪ್‌ಗಳಲ್ಲಿ ಚಾಸಿಯಿಂದ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ರಾಡ್ ಇರುತ್ತೆ, ಲೋಡ್ ನೋಡಿ ಹಿಂದಿನ ಬ್ರೇಕ್ ಒತ್ತಡ ಹೊಂದಿಸೋ ವಾಲ್ವ್‌ದು. ಪ್ಲೇಟ್ ಸೇರಿಸಿ ಹಿಂಭಾಗ ಎತ್ತರವಾದರೆ, ತುಂಬಿದ ಗಾಡಿಯನ್ನೂ ವಾಲ್ವ್ ಖಾಲಿ ಅಂದುಕೊಂಡು ಹಿಂದೆ ಬ್ರೇಕ್ ಕಡಿಮೆ ಕೊಡುತ್ತೆ. ರಾಡ್ ಬಿಚ್ಚಿದೆಯಾ, ತಂತಿಯಲ್ಲಿ ಕಟ್ಟಿದೆಯಾ ನೋಡಿ.

ಸಾಮಾನು ತುಂಬೋ ಬಾಡಿ ಮೇಲಿನ ಗೀರು, ನೆಗ್ಗು ದೋಷವೇ ಅಲ್ಲ. ಹೊಸ ಲೈನರ್ (ಒಳಹಾಸು) ಹಾಸಿದ್ದರೆ ಮಾತ್ರ, ಅಡಿಯಲ್ಲಿ ಏನು ಮುಚ್ಚಿದ್ದಾರೆ ಅಂತ ಎತ್ತಿಸಿ ನೋಡಿ.

ಕೋಲ್ಡ್‌ಸ್ಟಾರ್ಟ್ (ಮತ್ತೊಬ್ಬ ಸದಸ್ಯರು)
ಇಂಜಿನ್ ತಣ್ಣಗಿರುವಾಗಲೇ ಹೋಗಿ. ಮುಟ್ಟಿದಾಗ ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬನ್ನಿ. ಸ್ಟಾರ್ಟ್ ಆದಾಗ ಬಿಳಿ ಹೊಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಕಣ್ಣು ಉರಿಸಿದರೆ ಸುಡದ ಡೀಸೆಲ್, ಸಿಹಿ ವಾಸನೆ ಬಂದರೆ ಕೂಲೆಂಟ್. ನೀಲಿ ಹೊಗೆ ಅಂದರೆ ಆಯಿಲ್ ಸುಡ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಟರ್ಬೊ ಮೂರರಲ್ಲಿ ಯಾವುದೂ ಆಗಿರಬಹುದು.

ಐಡ್ಲಿಂಗ್‌ನಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದು ಬಾಯಿ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ಅದುರೋದು ಸಹಜ. ಹಾರಿ ಬಿದ್ದು ಗುಪ್ಪುಗುಪ್ಪು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ (ಸಿಲಿಂಡರ್‌ನ ಗ್ಯಾಸ್ ರಿಂಗ್ ದಾಟಿ ಕೆಳಗೆ ಸೋರೋದು), ಆದರೆ ಇಂಜಿನ್ ಒಳಗಿನ ಗ್ಯಾಸ್ ಹೊರಬಿಡೋ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತೆ, ಅದನ್ನು ಮೊದಲು ನೋಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ಓಡಿಸುವಾಗ? ಮೀಟರ್ ನಂಬಬಹುದಾ?

ಗ್ರೀಸ್‌ಗನ್
ಸಾಧ್ಯವಾದರೆ ಕಾಲು ಭಾಗವಾದರೂ ಲೋಡ್ ಹಾಕಿಸಿ ಓಡಿಸಿ. ಮೂರನೇ ಅಥವಾ ನಾಲ್ಕನೇ ಗೇರ್‌ನಲ್ಲಿ, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. ಹೊರಡುವಾಗ ನಡುಗಿದರೆ ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗೋ ತಿರುಗುವ ದಂಡದ) ಸೆಂಟರ್ ಬೇರಿಂಗ್ ಮೇಲೂ ಅನುಮಾನ ಇರಲಿ. ಮುಂದೆ-ಹಿಂದೆ ಗೇರ್ ಬದಲಿಸಿ ಹೊರಟಾಗ ಟಕ್ ಅಂದರೆ ಆ ಶಾಫ್ಟ್‌ನ ಕೀಲು, ಅಂದರೆ ಜಾಯಿಂಟ್ ಕ್ರಾಸ್ ಸವೆದಿದೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಹಿಂದಿನಿಂದ ಬರೋ ಊಳಿನ ಸದ್ದು ಬದಲಾದರೆ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್) ಸವೆದಿದೆ.

ಮೀಟರ್‌ಗೆ ಪೆಡಲ್ ರಬ್ಬರ್, ಸ್ಟೀರಿಂಗ್ ಸವೆತ ಹೋಲಿಸಿ. ಟೈರ್ ಬದಿಯಲ್ಲಿರೋ DOT ಕೋಡ್‌ನ ಕೊನೇ ನಾಲ್ಕು ಅಂಕಿ ತಯಾರಾದ ವಾರ, ವರ್ಷ: 2319 ಅಂದರೆ 2019ರ 23ನೇ ವಾರ. ಸ್ಕ್ಯಾನರ್ ಹಾಕಿದಾಗ ಕೋಡ್ ಇಲ್ಲ ಅಂತ ಖುಷಿಪಡಬೇಡಿ, ರೆಡಿನೆಸ್ ಮಾನಿಟರ್ (ಗಾಡಿಯ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ಹೇಳೋ ಪಟ್ಟಿ) ನೋಡಿ. ಹಲವು ಅಪೂರ್ಣ ಅಂತ ತೋರಿಸಿದರೆ ಈಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.