ಪ್ಯಾರಿಸ್‌ನಲ್ಲಿದ್ದ ಅಮೆರಿಕದ ರಾಯಭಾರಿಗಳ ಯುದ್ಧಕಾಲದ ಲೆಕ್ಕ ಯಾರು ನೋಡಿದರು?

ಪ್ರಶ್ನೆ:
ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಬೇಕಾದ ಬಂದೂಕು, ಬಟ್ಟೆ, ಮದ್ದುಗುಂಡು ಎಷ್ಟೋ ಫ್ರಾನ್ಸಿನಿಂದ ಹೋಯಿತು. ಖರೀದಿ ನೋಡಿಕೊಂಡವರು ಬೆಂಜಮಿನ್ ಫ್ರಾಂಕ್ಲಿನ್, ಸೈಲಸ್ ಡೀನ್ ಇಂಥವರು. ಆಮೇಲೆ ಲೆಕ್ಕ ಯಾರಿಗೆ ಒಪ್ಪಿಸಿದರು? ಡೀನ್ ದುಡ್ಡು ನುಂಗಿದ ಅನ್ನುತ್ತಾರಲ್ಲ, ನಿಜಾನಾ?

ಉತ್ತರ 1:
ನಾನು ಆಡಿಟ್ ಕೆಲಸದಲ್ಲೇ ನಿವೃತ್ತನಾದವನು. ಡೀನ್ ವಿಷಯ ಓದಿದಾಗಲೆಲ್ಲ ಸಂಕಟವಾಗುತ್ತದೆ. ಆತ ಕನೆಕ್ಟಿಕಟ್‌ನ ವ್ಯಾಪಾರಿ. 1776ರಲ್ಲಿ ಪ್ಯಾರಿಸ್‌ಗೆ ಹೋದ. ಸ್ವಂತ ವ್ಯಾಪಾರವನ್ನೂ ದೇಶದ ಖರೀದಿಯನ್ನೂ ಬೆರೆಸಿದ. ಅದು ತಪ್ಪೇ. ಜೊತೆಗಿದ್ದ ಆರ್ಥರ್ ಲೀ ದೂರು ಕೊಟ್ಟ. 1777ರ ಕೊನೆಯಲ್ಲಿ ಕಾಂಗ್ರೆಸ್ (ಅಮೆರಿಕದ ಪ್ರತಿನಿಧಿಗಳ ಸಭೆ) ಡೀನ್‌ಗೆ ವಾಪಸ್ ಬಾ ಅಂತ ಹೇಳಿತು. ಲೆಕ್ಕಪತ್ರಗಳು ಫ್ರಾನ್ಸಿನಲ್ಲೇ ಉಳಿದಿದ್ದವು! ವೋಚರ್ ಇಲ್ಲದವನನ್ನು ನಿಲ್ಲಿಸಿಕೊಂಡು ಲೆಕ್ಕ ಕೊಡು ಅಂದರೆ ಏನು ಕೊಡುತ್ತಾನೆ? 1780ರಲ್ಲಿ ಲೆಕ್ಕ ತೀರಿಸಲೆಂದೇ ಮತ್ತೆ ಪ್ಯಾರಿಸ್‌ಗೆ ಹೋದ. ಮರುವರ್ಷ ಬ್ರಿಟನ್ ಜೊತೆ ರಾಜಿಯಾಗಿ ಎಂದು ಆತ ಬರೆದ ಪತ್ರಗಳು ಬಯಲಾದವು. ಆಮೇಲೆ ಆತನ ಮಾತು ಕೇಳುವವರೇ ಇರಲಿಲ್ಲ. 1789ರಲ್ಲಿ ಊರಿಗೆ ಹೊರಟ ಹಡಗಿನಲ್ಲೇ ಸತ್ತ. ಹಳೆಯ ಆಡಿಟ್ ಅನ್ಯಾಯದ್ದು ಅಂತ ಕಾಂಗ್ರೆಸ್ ಒಪ್ಪಿದ್ದು 1842ರಲ್ಲಿ. ವಾರಸುದಾರರಿಗೆ ಸುಮಾರು 37,000 ಡಾಲರ್ ಸಿಕ್ಕಿತು. ಲೆಕ್ಕ ನೋಡದೆ ಮನುಷ್ಯನಿಗೆ ಹೆಸರಿಡಬಾರದು, ಅಲ್ವಾ?

ಉತ್ತರ 2:
ಯಾರು ನೋಡಿದರು ಅನ್ನುವುದಕ್ಕೆ ಉತ್ತರ: ಥಾಮಸ್ ಬಾರ್ಕ್ಲೇ. ಫ್ರಾನ್ಸಿನಲ್ಲಿ ಅಮೆರಿಕದ ಕಾನ್ಸುಲ್ (ವ್ಯಾಪಾರದ ಹಿತ ನೋಡುವ ಸರಕಾರಿ ಪ್ರತಿನಿಧಿ) ಆಗಿದ್ದವರು. ಯುರೋಪಿನ ಎಲ್ಲ ಲೆಕ್ಕ ತೀರಿಸುವ ಕೆಲಸವನ್ನು 1782ರಲ್ಲಿ ಅವರಿಗೇ ವಹಿಸಿದರು. ಫ್ರಾಂಕ್ಲಿನ್ ಲೆಕ್ಕದಲ್ಲಿ ಅವರಿಗೆ ಸಿಕ್ಕ ವ್ಯತ್ಯಾಸ ಬರೀ 7 ಸೂ, ಅಂದರೆ ಚಿಲ್ಲರೆ ಕಾಸು. ಆದರೂ ಕಾಂಗ್ರೆಸ್ ಅಂತಿಮ ಒಪ್ಪಿಗೆ ಕೊಡಲಿಲ್ಲ. 1788ರಲ್ಲೂ ಆ ಮುದುಕ ನನ್ನ ಲೆಕ್ಕ ಮುಗಿಸಿಕೊಡಿ ಅಂತ ಪತ್ರ ಬರೆಯುತ್ತಿದ್ದರು.

ಪ್ರಶ್ನೆ ಕೇಳಿದವರು:
ಹತ್ತು ಲಕ್ಷ ಲಿವ್ರ್ (ಫ್ರಾನ್ಸಿನ ಹಳೆಯ ನಾಣ್ಯ) ಕಾಣೆಯಾಗಿತ್ತಂತಲ್ಲ?

ಉತ್ತರ 1:
ಹೌದು. 1778ರ ಫ್ರಾನ್ಸ್-ಅಮೆರಿಕ ಒಪ್ಪಂದಕ್ಕಿಂತ ಮೊದಲೇ 30 ಲಕ್ಷ ಲಿವ್ರ್ ದಾನ ಕೊಟ್ಟೆವು ಅಂತ 1783ರ ಕಾಗದದಲ್ಲಿ ಫ್ರಾನ್ಸ್ ಬರೆಸಿತು. ಫ್ರಾಂಕ್ಲಿನ್ ಸಹಿ ಹಾಕಿದರು. ಅವರ ಬ್ಯಾಂಕರ್ ಗ್ರಾಂಡ್ ಪುಸ್ತಕದಲ್ಲಿ ಇದ್ದದ್ದು 20 ಲಕ್ಷ ಮಾತ್ರ. ಉಳಿದದ್ದಕ್ಕೆ ರಸೀದಿ ತೋರಿಸಿ ಅಂದರೆ ಫ್ರೆಂಚ್ ಸರಕಾರ ಒಪ್ಪಲಿಲ್ಲ. 1794ರಲ್ಲಿ ಆ ರಸೀದಿ ಹೊರಬಂತು. ತಾರೀಖು 10 ಜೂನ್ 1776, ಸಹಿ ಬೋಮಾರ್ಶೆಯದು. ಅಮೆರಿಕಕ್ಕೆ ಶಸ್ತ್ರ ಸಾಗಿಸಲು ಹುಸಿ ಕಂಪನಿ ನಡೆಸಿದ್ದ ಫ್ರೆಂಚ್ ನಾಟಕಕಾರ ಆತ; ಆ ಹತ್ತು ಲಕ್ಷ ಹೋದದ್ದು ಆತನ ಕೈಗೆ. ಅಮೆರಿಕದಿಂದ ಬಾಕಿ ಬರಬೇಕು ಅಂತ ಆತ ಸಾಯುವವರೆಗೂ ಕೇಳುತ್ತಿದ್ದ. ಆತನ ಮನೆಯವರಿಗೆ 8 ಲಕ್ಷ ಫ್ರಾಂಕ್ ಕೊಟ್ಟು ಮುಗಿಸಿದ್ದು 1835ರಲ್ಲಿ.