ಎಂಟು ದಿನಕ್ಕೆ 41 ಜಾಗ: ಈ ಪಟ್ಟಿ ಸರಿಯೇ?

ಪ್ರಶ್ನೆ (ಸಂಡೇ ಸ್ಕೂಲ್ ಶಿಕ್ಷಕಿ, ಉಡುಪಿ ಕಡೆ): ನಮಸ್ಕಾರ ಸರ್. ನಮ್ಮ ಸಭೆಯ 24 ಶಿಕ್ಷಕರು ಮೂರು ವರ್ಷದಿಂದ ದುಡ್ಡು ಕೂಡಿಸಿದ್ದೇವೆ. ಪರಿಸ್ಥಿತಿ ತಿಳಿಯಾದ ಮೇಲೆ ಇಸ್ರೇಲ್‌ಗೆ ಹೊರಡುವ ಆಸೆ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಎಂಟು ದಿನಕ್ಕೆ 41 ಜಾಗ ಇದೆ. ನಮಗೆ ಮಕ್ಕಳಿಗೆ ಕಲಿಸಲು ಏನಾದರೂ ಸಿಗಬೇಕು. ನೀವು ಗುಂಪು ಕರೆದೊಯ್ಯುವವರು, ಇದು ಸರಿಯೇ ಹೇಳಿ.

ಉತ್ತರ: ಮೇಡಂ, ಅರ್ಧಕ್ಕರ್ಧ ಇವತ್ತೇ ಹೊಡೆದುಹಾಕಿ. ದಿನಕ್ಕೆ ಐದು ಜಾಗ ಅಂದರೆ ಬಸ್ಸು ಇಳಿಯುವುದು, ಫೋಟೊ ತೆಗೆಯುವುದು, ಮತ್ತೆ ಹತ್ತುವುದು ಅಷ್ಟೇ. ಆಲಿವ್ ಮರದ ಸಾಮಾನಿನ ಅಂಗಡಿಗೆ ಎಷ್ಟು ಹೊತ್ತು ಇಟ್ಟಿದ್ದಾರೆ ಅಂತಲೂ ಕೇಳಿ. ಅದನ್ನು ಪಟ್ಟಿಯಲ್ಲಿ ಬರೆದಿರುವುದಿಲ್ಲ.

ನಾನು ಬಿಡದೆ ಮಾಡಿಸುವುದು ಯೆರೂಸಲೇಮ್–ಯೆರಿಕೋ ದಾರಿ. ‘ಯೆರೂಸಲೇಮಿನಿಂದ ಇಳಿದು’ ಅಂತ ಲೂಕ 10ರ ಒಳ್ಳೇ ಸಮಾರ್ಯದವನ ಸಾಮ್ಯದಲ್ಲಿ (ಕಳ್ಳರ ಕೈಗೆ ಸಿಕ್ಕ ದಾರಿಹೋಕನಿಗೆ ನೆರವಾದವನ ಕಥೆ) ಓದುತ್ತೇವಲ್ಲ, ಆ ‘ಇಳಿದು’ ಏನೆಂದು ಅಲ್ಲೇ ಗೊತ್ತಾಗುವುದು. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. 25 ಕಿಲೋಮೀಟರಿನ ಆಸುಪಾಸಿನಲ್ಲಿ ಸಾವಿರ ಮೀಟರ್ ಇಳಿತ! ಶಿರಾಡಿ ಘಾಟಿ ಇಳಿದ ಹಾಗೇ, ಆದರೆ ಕಾಡಿಲ್ಲ. ಬರೀ ಬೋಳು ಗುಡ್ಡ, ಕೊರಕಲು, ಒಬ್ಬ ಅಡಗಿ ಕೂತರೆ ಕಾಣದಂಥ ತಿರುವುಗಳು. ವಾದಿ ಕೆಲ್ಟ್ ಕಣಿವೆ ಕಾಣುವಲ್ಲಿ ಬಸ್ಸು ನಿಲ್ಲಿಸಿ ಆ ಸಾಮ್ಯವನ್ನು ಗಟ್ಟಿಯಾಗಿ ಓದಿಸಿ. ನಾನು ವ್ಯಾಖ್ಯಾನ ಮಾಡುವುದೇ ಇಲ್ಲ.

ಗಲಿಲಾಯ ಸರೋವರದ ದಡದ ಕಪೆರ್ನೌಮಿನಲ್ಲಿ ಎಲ್ಲರೂ ಯೆಹೂದ್ಯರ ಬಿಳಿ ಸುಣ್ಣಕಲ್ಲಿನ ಸಭಾಮಂದಿರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಯೇಸುವಿನ ಕಾಲಕ್ಕೆ ಎಷ್ಟೋ ಶತಮಾನ ಈಚಿನದು. ಬಗ್ಗಿ ತಳ ನೋಡಿ, ಕರಿಕಲ್ಲಿನ ಹಳೆಯ ಗೋಡೆ ಇದೆ. ಸುತ್ತಲಿನ ಮನೆಗಳೂ ಅದೇ ಕರಿಕಲ್ಲಿನವು.

ಶುಕ್ರವಾರ ಸಂಜೆಯಿಂದ ಯೆಹೂದ್ಯರ ವಿಶ್ರಾಂತಿ ದಿನ ಸಬ್ಬತ್, ಅನೇಕ ಜಾಗ ಬೇಗ ಮುಚ್ಚುತ್ತವೆ. ದಿನ ಜೋಡಿಸುವಾಗ ನೆನಪಿರಲಿ. ಟಿಕೆಟ್ಟಿಗೆ ಮುಂಗಡ ಕೊಡುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ; ಏಜೆಂಟರ ‘ಏನೂ ಆಗಲ್ಲ ಬಿಡಿ’ ಸಾಲದು.

ಪ್ರಶ್ನೆ (ಇನ್ನೊಬ್ಬರು): ಸರ್, ಯೇಸುವಿನ ಸಮಾಧಿ ಅಂತ ಎರಡು ಜಾಗ ತೋರಿಸುತ್ತಾರಂತೆ. ಯಾವುದು ನಿಜ? ನಮ್ಮ ಅಯ್ಯನವರು (ಪಾಸ್ಟರ್) ತೋಟದ ಸಮಾಧಿಯೇ ಅಂತಾರೆ.

ಉತ್ತರ: ಅಯ್ಯನವರ ಮನಸ್ಸು ನನಗೂ ಅರ್ಥವಾಗುತ್ತದೆ. ತೋಟ ಶಾಂತವಾಗಿದೆ, ಕೂತು ಹಾಡಬಹುದು. ಆದರೆ ಅದು ಹೆಸರಾದದ್ದು 1883ರಲ್ಲಿ ಬ್ರಿಟಿಷ್ ಸೇನಾನಿ ಗಾರ್ಡನ್ ಎತ್ತಿಹಿಡಿದ ಮೇಲೆ. ಆ ಗುಹೆ ಯೇಸುವಿಗಿಂತ ಶತಮಾನಗಳ ಹಿಂದಿನ, ಯೆಹೂದದ ಅರಸರ ಕಾಲದ್ದೆಂದು ಪುರಾತತ್ವಜ್ಞರ ಅಭಿಪ್ರಾಯ; ಅಂದರೆ ಸುವಾರ್ತೆ ಹೇಳುವ ‘ಯಾರನ್ನೂ ಇಟ್ಟಿರದ ಹೊಸ ಸಮಾಧಿ’ಗೆ ಹೊಂದುವುದಿಲ್ಲ. ಹಳೆ ಪಟ್ಟಣದ ಪವಿತ್ರ ಸಮಾಧಿ ದೇವಾಲಯದ ಜಾಗವನ್ನು ನಾಲ್ಕನೇ ಶತಮಾನದಿಂದ, ಕಾನ್ಸ್ಟಂಟೈನ್ ಕಟ್ಟಿಸಿದಾಗಿನಿಂದ ಗೌರವಿಸುತ್ತಿದ್ದಾರೆ. ಅಲ್ಲಿ ನೂಕುನುಗ್ಗಲು, ಧೂಪದ ಹೊಗೆ, ನಮ್ಮವರಿಗೆ ಹಿಡಿಸುವುದಿಲ್ಲ. ಆದರೂ ನನ್ನ ಒಲವು ಅದರ ಕಡೆಗೇ. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸದ ಆರಾಧನೆಗೆ) ಮಾತ್ರ ತೋಟಕ್ಕೇ ಕರೆದೊಯ್ಯುತ್ತೇನೆ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಪ್ರಶ್ನೆ (ಮೊದಲಿನವರೇ): ಹಿಜ್ಕೀಯನ ಸುರಂಗ ಪಟ್ಟಿಯಲ್ಲಿ ಇಲ್ಲ ಸರ್. ಸೇರಿಸಬೇಕೇ? ನಮ್ಮಲ್ಲಿ ಇಬ್ಬರಿಗೆ ಮಂಡಿನೋವು.

ಉತ್ತರ: ಬೇರೆ ಮೂರು ಬಿಟ್ಟಾದರೂ ಸೇರಿಸಿ. 533 ಮೀಟರ್, ಕತ್ತಲು, ಹರಿಯುವ ನೀರು, ಕೆಲವು ಕಡೆ ತಲೆ ಬಗ್ಗಿಸಬೇಕು. ಯೆಹೂದದ ಅರಸ ಹಿಜ್ಕೀಯ, ಅಶ್ಶೂರದ ಅರಸ ಸನ್ಹೇರೀಬನ ಭಯಕ್ಕೆ ಗೀಹೋನ್ ಬುಗ್ಗೆಯ ನೀರನ್ನು ಯೆರೂಸಲೇಮಿನೊಳಗೆ ತಂದದ್ದು. 2 ಅರಸು 20:20 ನೋಡಿ. ಎರಡು ತುದಿಯಿಂದ ಎರಡು ತಂಡ ಕೊರೆದವು. 1880ರಲ್ಲಿ ಒಳಗೆ ಸಿಕ್ಕ ಶಾಸನದಲ್ಲಿದೆ: ಮೂರು ಮೊಳ ಕಲ್ಲು ಬಾಕಿ ಇರುವಾಗ ಆಚೆಯವರ ಕೂಗು ಈಚೆಯವರಿಗೆ ಕೇಳಿಸಿತಂತೆ. ಅರಸನ ಹೆಸರೇ ಇಲ್ಲ ಅದರಲ್ಲಿ, ಬರೀ ಕೆಲಸಗಾರರ ಮಾತು. ಮಕ್ಕಳಿಗೆ ಇದನ್ನು ಹೇಳಿ ನೋಡಿ! ಮೂಲ ಶಾಸನ ಈಗ ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿದೆ.

ಮಂಡಿನೋವಿನವರು ಬೇಡ. ನೀರಿಲ್ಲದ ಇನ್ನೊಂದು ಚಿಕ್ಕ ಸುರಂಗವಿದೆ, ಆದರೆ ಅಲ್ಲಿಗೆ ಇಳಿಯುವ ಮೆಟ್ಟಿಲೇ ಬಹಳ. ಜೊತೆಗೊಬ್ಬರನ್ನು ಮೇಲೆ ಕೂರಿಸಿ. ಉಳಿದವರಿಗೆ ತಲಾ ಒಂದು ಟಾರ್ಚು, ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಹಾಕಿಕೊಂಡರೆ ನೀರಲ್ಲಿ ಹೋಗಿಬಿಡುತ್ತದೆ, ನನ್ನದೇ ಒಂದು ಹೋಗಿದೆ.