ಓದುಗರ ಸ್ಪಂದನ: ಫ್ಲೂ ಭಯಕ್ಕೆ ನಿಂತುಹೋದ ಖೋ ಖೋ

ಕಳೆದ ಸಂಚಿಕೆಯ ಸಮಸ್ಯೆ: ನನ್ನ ಮಗಳು ಹತ್ತನೇ ಕ್ಲಾಸು. ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. ಈ ಸಲ ವಲಯ ಮಟ್ಟದಲ್ಲಿ ಗೆದ್ದು ತಾಲ್ಲೂಕು ಮಟ್ಟಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಏಳನೇ ಕ್ಲಾಸಿನ ಮೂವರು ಮಕ್ಕಳಿಗೆ ಎಚ್‌1ಎನ್‌1 ಫ್ಲೂ (ಹಂದಿಜ್ವರ) ಎಂದು ಗೊತ್ತಾಯಿತು. ಮೂವರೂ ಈಗ ಹುಷಾರಾಗಿದ್ದಾರೆ. ಆದರೆ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಗಲಾಟೆಯೆದ್ದು, ಶಾಲೆಯವರು ಆಟದ ಅಭ್ಯಾಸ ನಿಲ್ಲಿಸಿದರು. ತಂಡವನ್ನು ಕಳಿಸುವುದೇ ಇಲ್ಲ ಅಂದುಬಿಟ್ಟರು. ಪಾಠ, ಸಂಜೆಯ ಸ್ಪೆಷಲ್ ಕ್ಲಾಸು ಮಾತ್ರ ಎಂದಿನಂತೆ ನಡೆಯುತ್ತಿವೆ. ಇನ್ನೊಮ್ಮೆ ಯೋಚಿಸಿ ಎಂದು ನಾನು ಗುಂಪಿನಲ್ಲಿ ಬರೆದೆ. "ಮಕ್ಕಳ ಜೀವಕ್ಕಿಂತ ಆಟ ಹೆಚ್ಚಾ?" ಎಂದು ಎಲ್ಲರೂ ಮೇಲೆ ಬಿದ್ದರು. ತಾಲ್ಲೂಕು ಪಂದ್ಯಕ್ಕೆ ಇನ್ನೂ ಎರಡು ವಾರವಿದೆ. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ನಾನು ಕೇಳಿದ್ದು ತಪ್ಪಾ?
ಒಬ್ಬ ತಾಯಿ, ತಿಪಟೂರು

---

ತಪ್ಪಲ್ಲ ತಾಯೀ. ನೀವು ಕೇಳದಿದ್ದರೆ ಇನ್ಯಾರು ಕೇಳಬೇಕು?

ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದವನು. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮಕ್ಕಳನ್ನು ಕರೆದುಕೊಂಡು ತಿರುಗಿದ್ದೇನೆ. ನಮ್ಮ ಶಾಲಾ ಕ್ರೀಡಾಕೂಟಗಳು ಬರುವುದೇ ಮಳೆಗಾಲದಲ್ಲಿ. ನೆಗಡಿ, ಜ್ವರ ಹೆಚ್ಚುವುದೂ ಆಗಲೇ. ಹಾಗಾಗಿ ಜ್ವರ ಬಂತು ಎಂದು ಆಟ ನಿಲ್ಲಿಸುತ್ತಾ ಹೋದರೆ ಯಾವ ವರ್ಷವೂ ಆಟ ನಡೆಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಬೇಸರ ತಂದದ್ದು ಒಂದು ಸಾಲು. ಪಾಠ ನಡೆಯುತ್ತಿದೆ, ಸ್ಪೆಷಲ್ ಕ್ಲಾಸು ನಡೆಯುತ್ತಿದೆ, ಆಟ ಮಾತ್ರ ನಿಂತಿದೆ. ಐವತ್ತು ಮಕ್ಕಳು ಒಂದೇ ಕೋಣೆಯಲ್ಲಿ, ಮಳೆ ಎಂದು ಕಿಟಕಿ ಮುಚ್ಚಿ, ಒಂದೊಂದು ಬೆಂಚಿಗೆ ನಾಲ್ಕು ಮಂದಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುತ್ತಾರೆ. ಅಲ್ಲಿ ಹರಡದ ಫ್ಲೂ ಬಯಲಲ್ಲಿ ಹರಡುತ್ತದಾ? ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎಂಟು ಜನ ಸಾಲಾಗಿ ಕೂರುತ್ತಾರೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎರಡು ಮೀಟರಿಗಿಂತ ಹೆಚ್ಚು ಜಾಗ. ಅದೂ ಒಬ್ಬರು ಆ ಕಡೆ ಮುಖ, ಒಬ್ಬರು ಈ ಕಡೆ ಮುಖ. ಒಬ್ಬಳು ಅಟ್ಟಿಸಿಕೊಂಡು ಹೋಗುತ್ತಾಳೆ, ಎದುರು ತಂಡದಿಂದ ಮೂವರು ಒಳಗೆ ಬಂದಿರುತ್ತಾರೆ. ಕೂತವಳಿಗೆ ಖೋ ಕೊಡುವಾಗ ಮುಟ್ಟುವುದು ಒಂದು ಕ್ಷಣ, ಅದೂ ಬೆನ್ನನ್ನು. ತೆರೆದ ಗಾಳಿ ಬೇರೆ.

ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಅಪಾಯ ಎಲ್ಲಿದೆ ಅಂತ ನೋಡಬೇಕು. ನಾನು ಕಂಡಂತೆ ಅದಿರುವುದು ಮೈದಾನದ ಹೊರಗೆ. ಪಂದ್ಯಕ್ಕೆ ಹೋಗುವಾಗ ಹತ್ತು ಜನ ಹಿಡಿಯುವ ಗಾಡಿಯಲ್ಲಿ ಇಪ್ಪತ್ತು ಮಕ್ಕಳನ್ನು ತುಂಬುತ್ತೇವೆ. ಮಳೆ ಹನಿಯುತ್ತಿದೆ ಎಂದು ಗಾಜು ಏರಿಸುತ್ತೇವೆ. ಮೈದಾನದ ಅಂಚಿನಲ್ಲಿ ಒಂದು ನೀರಿನ ಕ್ಯಾನು, ಅದರ ಮೇಲೆ ಒಂದು ಸ್ಟೀಲ್ ಲೋಟ. ತಂಡದವರೆಲ್ಲ ಅದೇ ಲೋಟವನ್ನು ಬಾಯಿಗಿಟ್ಟು ಕುಡಿಯುತ್ತಾರೆ. ಬೆವರು ಒರೆಸಲು ಒಂದೇ ಟವೆಲ್ ಕೈಯಿಂದ ಕೈಗೆ ಹೋಗುತ್ತದೆ. ಜಿಲ್ಲಾ ಮಟ್ಟವಾದರೆ ರಾತ್ರಿ ಯಾವುದೋ ಶಾಲೆಯ ಕೋಣೆಯಲ್ಲಿ ಜಮಖಾನ ಹಾಸಿ ಎಲ್ಲರೂ ಒತ್ತೊತ್ತಾಗಿ ಮಲಗುತ್ತಾರೆ. ಇದನ್ನೆಲ್ಲ ಸರಿಮಾಡಬಹುದು. ಗಾಡಿ ಎರಡು ಟ್ರಿಪ್ ಹೊಡೆಯಲಿ. ಪ್ರತಿ ಮಗುವೂ ಮನೆಯಿಂದ ನೀರಿನ ಬಾಟಲ್ ತರಲಿ. ಟವೆಲ್ ಅವರವರದೇ ಇರಲಿ. ತಾಲ್ಲೂಕು ಮಟ್ಟ ಒಂದೇ ದಿನದ್ದು, ಸಂಜೆಗೆ ಮನೆ ಸೇರುತ್ತಾರೆ, ಮಲಗುವ ಪ್ರಶ್ನೆಯೇ ಬರುವುದಿಲ್ಲ.

ಈಗ ನೀವೇನು ಮಾಡಬಹುದು ಹೇಳುತ್ತೇನೆ. ಗುಂಪಿನಲ್ಲಿ ವಾದ ಮಾಡಲು ಹೋಗಬೇಡಿ. ಅಲ್ಲಿ ಒಬ್ಬರಿಗೆ ಉತ್ತರ ಕೊಡುವಷ್ಟರಲ್ಲಿ ಹತ್ತು ಜನ ಬೇರೆ ಮಾತು ಎತ್ತಿರುತ್ತಾರೆ. ತಂಡದ ಹನ್ನೆರಡು ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಮಾತ್ರ ಮಾತಾಡಿ. ನಾಲ್ಕೈದು ಜನ ಸೇರಿ ಹೆಡ್ ಮಾಸ್ಟರ್ ಹತ್ತಿರ ಹೋಗಿ. ಒಂದು ಹಾಳೆಯಲ್ಲಿ ಬರೆದುಕೊಡಿ: ನಮ್ಮ ಮಕ್ಕಳನ್ನು ಕಳಿಸಲು ನಮ್ಮ ಒಪ್ಪಿಗೆ ಇದೆ, ಜ್ವರ ಕೆಮ್ಮು ಇದ್ದವರನ್ನು ನಾವೇ ಮನೆಯಲ್ಲಿ ಉಳಿಸಿಕೊಳ್ಳುತ್ತೇವೆ ಎಂದು. ಹೆಡ್ ಮಾಸ್ಟರಿಗೂ ಭಯ ಇರುತ್ತದೆ. ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಎಂಬ ಭಯ. ಆ ಹಾಳೆ ಕೈಯಲ್ಲಿದ್ದರೆ ಅವರಿಗೆ ಧೈರ್ಯ ಬರುತ್ತದೆ. ಯಾವಾಗ ತಂಡವನ್ನು ಕಳಿಸಬಾರದು ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ. ತಂಡದಲ್ಲೇ ಮೂರು ನಾಲ್ಕು ಜನಕ್ಕೆ ಜ್ವರ ಬಂದರೆ ಹೋಗುವುದು ಬೇಡ, ಅದನ್ನು ನೀವೇ ಮೊದಲು ಹೇಳಿ. ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹತ್ತನೇ ಕ್ಲಾಸು ಅಂದರೆ ಪ್ರೌಢಶಾಲೆ ವಿಭಾಗದಲ್ಲಿ ಆಡಲು ಅವಳಿಗೆ ಇದೇ ಕೊನೆಯ ಅವಕಾಶ. ಮುಂದಿನ ವರ್ಷ ಆಡಲಿ ಬಿಡಿ ಅನ್ನುವವರಿಗೆ ಇದು ಗೊತ್ತಿರುವುದಿಲ್ಲ. ದಯವಿಟ್ಟು ಬಿಡಬೇಡಿ.
ನಿವೃತ್ತ ಶಿಕ್ಷಕ, ಚಿತ್ರದುರ್ಗ

---

ಅಕ್ಕಾ, ನಿಮ್ಮ ಪತ್ರ ಓದಿ ನನಗೆ 2009 ನೆನಪಾಯಿತು. ನಾವು ಆಗಲೂ ಈಗಲೂ ಅಮೆರಿಕದ ಟೆಕ್ಸಾಸ್‌ನಲ್ಲಿ ಇದ್ದೇವೆ. ಎಚ್‌1ಎನ್‌1 ಮೊದಲು ಸುದ್ದಿಯಾದದ್ದು ಆ ವರ್ಷದ ಏಪ್ರಿಲ್‌ನಲ್ಲಿ, ಮೆಕ್ಸಿಕೊದಲ್ಲಿ. ಟೆಕ್ಸಾಸ್ ಅದರ ಪಕ್ಕದ ರಾಜ್ಯ. ಏಪ್ರಿಲ್ 29ರಂದು ಇಡೀ ರಾಜ್ಯದ ಶಾಲಾ ಪಂದ್ಯಗಳನ್ನು ಮೇ 11ರವರೆಗೆ ನಿಲ್ಲಿಸಿಬಿಟ್ಟರು. ಓಟ, ಬೇಸ್‌ಬಾಲ್, ಟೆನಿಸ್ ಎಲ್ಲವೂ ಬಂದ್. ಶಾಲಾ ವರ್ಷ ಮುಗಿಯುವ ಹೊತ್ತು ಅದು. ಕೊನೆ ವರ್ಷದ ಮಕ್ಕಳು ಅಳುತ್ತಿದ್ದರು. ನನ್ನ ಮಗಳೂ ಓಟಗಾರ್ತಿ, ಬೂಟು ಕಟ್ಟಿಕೊಂಡು ಮನೆ ಮುಂದಿನ ರಸ್ತೆಯಲ್ಲೇ ಓಡುತ್ತಿದ್ದಳು. ಪಕ್ಕದ ಮನೆಯವರು ಕಿಟಕಿಯಿಂದ ಕೂಗಿ, ಒಳಗೆ ಕಳಿಸಿ ಎಂದು ನನಗೆ ಬುದ್ಧಿ ಹೇಳಿದರು.

ಫೋರ್ಟ್ ವರ್ತ್ ಎಂಬ ಊರಿನಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿದರು. ಸುಮಾರು 80,000 ಮಕ್ಕಳು ಮನೆಗೆ. ರಜೆ ಸಿಕ್ಕಿದ ಮಕ್ಕಳು ಮನೆಯಲ್ಲೇ ಕೂರುತ್ತಾರಾ? ನಮ್ಮ ಸುತ್ತಮುತ್ತ ಅವರು ಮಾಲ್‌ನಲ್ಲಿ, ಸಿನಿಮಾದಲ್ಲಿ, ಒಬ್ಬರ ಮನೆಯಲ್ಲಿ ಹತ್ತು ಜನ ಸೇರಿಕೊಂಡು ಇದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡುವುದು ಎಂದು ಒದ್ದಾಡಿದರು.

ಒಂದು ವಾರವೂ ಆಗಲಿಲ್ಲ. ಮೇ 5ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ತನ್ನ ಸಲಹೆ ಬದಲಿಸಿತು. ಶಾಲೆ ಮುಚ್ಚಬೇಕಿಲ್ಲ, ಹುಷಾರಿಲ್ಲದ ಮಕ್ಕಳು ಮನೆಯಲ್ಲಿ ಇದ್ದರೆ ಸಾಕು ಅಂದಿತು. ಹೆದರಿದಷ್ಟು ತೀವ್ರವಾಗಿಲ್ಲ, ಆಗಲೇ ಎಲ್ಲ ಕಡೆ ಹರಡಿಯೂ ಆಗಿದೆ, ಮುಚ್ಚಿ ಪ್ರಯೋಜನ ಇಲ್ಲ ಎಂಬುದು ಕಾರಣ.

ಮೊದಲ ದಿನ ನಿಲ್ಲಿಸಿದವರನ್ನು ನಾನು ಬೈಯುವುದಿಲ್ಲ. ಆಗ ಅದು ಹೊಸ ವೈರಸ್. ಎಷ್ಟು ಅಪಾಯ ಎಂದು ಯಾರಿಗೂ ತಿಳಿದಿರಲಿಲ್ಲ. ಅದೇ ಏಪ್ರಿಲ್ 29ರಂದೇ ಹ್ಯೂಸ್ಟನ್‌ನಲ್ಲಿ ಒಂದು ಪುಟ್ಟ ಮಗು ತೀರಿಕೊಂಡ ಸುದ್ದಿ ಹೊರಬಂದಿತ್ತು. ಫ್ಲೂ ಹಗುರದ್ದು ಎಂದೂ ಹೇಳಲಾರೆ. ಆ ಒಂದು ವರ್ಷದಲ್ಲಿ ಅಮೆರಿಕದಲ್ಲಿ 12,000ಕ್ಕೂ ಹೆಚ್ಚು ಜನ ಅದರಿಂದ ಸತ್ತರು ಎಂಬುದು ಸಿಡಿಸಿಯ ಅಂದಾಜು. ಆದರೆ ಗಮನಿಸಿ. ಅಕ್ಟೋಬರ್ ಹೊತ್ತಿಗೆ ಕಾಯಿಲೆ ಏಪ್ರಿಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಆದರೂ ನಮ್ಮ ಕಡೆ ಶಾಲೆ ನಡೆಯಿತು, ಪಂದ್ಯಗಳು ನಡೆದವು. ಜ್ವರ ಬಂದವರು ಮನೆಯಲ್ಲಿ ಉಳಿದರು. ಲಸಿಕೆ ಬಂತು. ಕಾಯಿಲೆ ಕಮ್ಮಿ ಇದ್ದಾಗ ಎಲ್ಲ ನಿಲ್ಲಿಸಿದ್ದರು, ಜಾಸ್ತಿ ಆದಾಗ ಎಲ್ಲ ನಡೆಸಿದರು. ನಡುವೆ ಮುಖ್ಯವಾಗಿ ಬದಲಾದದ್ದು ತಿಳಿವಳಿಕೆ. ನಿಮ್ಮ ಶಾಲೆಯವರು ಇಷ್ಟು ವರ್ಷದ ತಿಳಿವಳಿಕೆ ಕೈಯಲ್ಲಿಟ್ಟುಕೊಂಡು ಮತ್ತೆ ಆ ಏಪ್ರಿಲ್‌ಗೆ ಹೋಗುತ್ತಿದ್ದಾರಲ್ಲ, ಅದಕ್ಕೇ ಬೇಸರ.
ಅನಿವಾಸಿ ಕನ್ನಡತಿ, ಡಲ್ಲಾಸ್

---

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಗುಂಪಿನ ಬೇರೆ ತಾಯಂದಿರ ಮೇಲೆ ಕೋಪ ಮಾಡಿಕೊಳ್ಳಬೇಡಿ.

ನಾವು ಧಾರವಾಡದವರು, ಮನೆಯವರ ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲೇ ಉಳಿದೆವು. 2009ರ ಆಗಸ್ಟ್ 3ರಂದು ಇದೇ ಊರಲ್ಲಿ 14 ವರ್ಷದ ಶಾಲಾ ಹುಡುಗಿ ಎಚ್‌1ಎನ್‌1ಗೆ ಬಲಿಯಾದಳು. ದೇಶದಲ್ಲೇ ಮೊದಲ ಸಾವು ಅದು. ನನ್ನ ಮಗನಿಗೂ ಆಗ ಅದೇ ವಯಸ್ಸು. ಅವನು ಸೀನಿದರೆ ನನ್ನ ಎದೆ ಧಸಕ್ ಅನ್ನುತ್ತಿತ್ತು. ಶಾಲೆಗಳನ್ನು ಮುಚ್ಚಿದಾಗ ನನಗೆ ನೆಮ್ಮದಿಯೇ ಆಗಿತ್ತು. ಅಂಥ ಭಯವನ್ನು ಹುಚ್ಚು ಅಂದರೆ ಯಾವ ತಾಯಿಯೂ ಮುಂದಿನ ಮಾತು ಕೇಳಿಸಿಕೊಳ್ಳುವುದಿಲ್ಲ.

ಆದರೆ ಭಯದಲ್ಲಿ ನಾವು ಮಾಡಿದ್ದೇನು? ಊರಿಗೆ ಊರೇ ಪರೀಕ್ಷೆ ಮಾಡಿಸಲು ಆಸ್ಪತ್ರೆಗೆ ನುಗ್ಗಿತು. ಸುಮ್ನೆ ನೆಗಡಿ ಇದ್ದವರು, ಏನೂ ಇಲ್ಲದವರು, ನಿಜಕ್ಕೂ ಕಾಯಿಲೆ ಇದ್ದವರು, ಎಲ್ಲರೂ ಒಂದೇ ಸಾಲಿನಲ್ಲಿ ಗಂಟೆಗಟ್ಟಲೆ ನಿಂತರು. ಇಲ್ಲದವರಿಗೂ ಅಲ್ಲೇ ಅಂಟಿಕೊಂಡಿರಬಹುದು. ಮಾಸ್ಕಿಗೆ ಕೇಳಿದಷ್ಟು ರೇಟು ಕೊಟ್ಟೆವು. ಅದಕ್ಕೇ ಹೇಳುವುದು, ಅವರ ಭಯವನ್ನು ಒಪ್ಪಿಕೊಂಡು ಮಾತು ಶುರುಮಾಡಿ. ನನಗೂ ಹೆದರಿಕೆ ಇದೆ, ಬನ್ನಿ, ಏನು ಮಾಡಿದರೆ ಮಕ್ಕಳು ಕ್ಷೇಮವಾಗಿ ಆಡಬಹುದು ನೋಡೋಣ ಎನ್ನಿ. ಯಾವ ಮನೆಯಲ್ಲಿ ಬಸುರಿ ಇದ್ದಾಳೋ, ಉಬ್ಬಸದ ಅಜ್ಜಿ ಇದ್ದಾರೋ ನಿಮಗೆ ಹೇಗೆ ಗೊತ್ತಾಗಬೇಕು? ಅಂಥವರು ಮಗುವನ್ನು ಕಳಿಸದಿದ್ದರೆ ಒತ್ತಾಯ ಬೇಡ. ಕಳಿಸುವವರನ್ನು ತಡೆಯುವುದೂ ಬೇಡ.
ಗೃಹಿಣಿ, ಪುಣೆ

---

ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಸ್ಟಾಫ್ ನರ್ಸ್. ಎಚ್‌1ಎನ್‌1 ಅಂದ ಕೂಡಲೇ ಜನ ಇನ್ನೂ ಬೆಚ್ಚಿಬೀಳುತ್ತಾರೆ. 2010ರ ಆಗಸ್ಟ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಆ ಮಹಾಮಾರಿ ಮುಗಿಯಿತು ಎಂದು ಘೋಷಿಸಿದೆ. ಆಮೇಲಿಂದ ಅದು ವರ್ಷವರ್ಷ ಬಂದು ಹೋಗುವ ಮಾಮೂಲಿ ಫ್ಲೂಗಳಲ್ಲಿ ಒಂದು.

ನಮ್ಮಲ್ಲಿ ಫ್ಲೂ ಲಕ್ಷಣದವರನ್ನು ಎ, ಬಿ, ಸಿ ಎಂದು ವಿಂಗಡಿಸುತ್ತೇವೆ. ಸಾಧಾರಣ ಜ್ವರ, ಕೆಮ್ಮು, ಮೈಕೈ ನೋವು ಇದ್ದರೆ ಎ. ಅವರಿಗೆ ಪರೀಕ್ಷೆಯೂ ಬೇಡ, ವಿಶೇಷ ಮಾತ್ರೆಯೂ ಬೇಡ, ಮನೆಯಲ್ಲಿ ಇರಬೇಕು ಅಷ್ಟೆ. ಜೋರು ಜ್ವರ, ಗಂಟಲು ನೋವು ಇದ್ದವರು, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಉಬ್ಬಸ, ಸಕ್ಕರೆ ಕಾಯಿಲೆ ಇದ್ದವರು ಬಿ. ಅವರಿಗೆ ವೈದ್ಯರು ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿ ಬರೆಯಬಹುದು, ಎರಡು ದಿನದೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ. ಏದುಸಿರು, ಎದೆನೋವು, ತುಟಿ ಉಗುರು ನೀಲಿಯಾಗುವುದು, ಮಂಪರು, ಇವು ಸಿ. ಆಗ ತಡಮಾಡದೆ ಆಸ್ಪತ್ರೆಗೆ. ನಿಮ್ಮ ಶಾಲೆಯ ಬಾಗಿಲಿಗೆ ಈ ಮಾತು ಅಂಟಿಸಿದರೆ ಅರ್ಧ ಗಲಾಟೆ ನಿಲ್ಲುತ್ತದೆ.

ಆಟದ ಮಕ್ಕಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಜ್ವರ ಇದ್ದರೂ ಮುಚ್ಚಿಟ್ಟು, ಮಾತ್ರೆ ನುಂಗಿ ಮೈದಾನಕ್ಕೆ ಇಳಿಯುವ ಮಕ್ಕಳಿದ್ದಾರೆ. ತಂಡದಿಂದ ತೆಗೆದುಬಿಡುತ್ತಾರೆ ಎಂಬ ಹೆದರಿಕೆ ಅವರಿಗೆ. ಫ್ಲೂ ವೈರಸ್ ಅಪರೂಪಕ್ಕೆ ಹೃದಯದ ಸ್ನಾಯುವಿಗೂ ತಗಲುತ್ತದೆ, ಅಂಥ ಹೊತ್ತಲ್ಲಿ ಓಡುವುದು ಅಪಾಯ. ಮಾತ್ರೆ ಇಲ್ಲದೆ ಪೂರಾ 24 ಗಂಟೆ ಜ್ವರ ಬಿಟ್ಟಿರಬೇಕು, ಆಮೇಲೆ ಶಾಲೆ. ಆಟ ಇನ್ನೂ ಕೆಲವು ದಿನ ಬಿಟ್ಟು, ನಿಧಾನಕ್ಕೆ. ಅಭ್ಯಾಸಕ್ಕೆ ಬಂದ ಕೂಡಲೇ ಸರ್ ಪ್ರತಿ ಮಗುವನ್ನೂ "ನಿನ್ನೆ ರಾತ್ರಿ ಜ್ವರ ಇತ್ತಾ, ಮಾತ್ರೆ ತಗೊಂಡ್ಯಾ" ಎಂದು ಕೇಳಲಿ. ಹೌದು ಎಂದ ಮಗುವನ್ನು ಬೈಯಬಾರದು. ಅವಳ ಜಾಗ ಅವಳಿಗೇ ಇರುತ್ತದೆ ಎಂದು ಹೇಳಿ ಮನೆಗೆ ಕಳಿಸಬೇಕು. ಅವಳು ಸುಳ್ಳು ಹೇಳದ ಹಾಗೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಮಗಳು ಊಟ ಬಿಟ್ಟಿರುವುದು ಬೇಸರಕ್ಕೇ ಇರಬೇಕು. ಆದರೂ ಒಮ್ಮೆ ಹಣೆ ಮುಟ್ಟಿ ನೋಡಿ.
ಸ್ಟಾಫ್ ನರ್ಸ್, ಹಾಸನ ಜಿಲ್ಲೆ

---

ಆಂಟಿ, ಇದನ್ನು ನಿಮ್ಮ ಮಗಳಿಗೆ ಓದಲು ಕೊಡಿ. ಪುಟ್ಟೀ, ನಾನೂ ಶಾಲೆಯಲ್ಲಿ ಖೋ ಖೋ ಆಡಿದವಳು, ಈಗ ಬಿ.ಕಾಂ. ಓದುತ್ತಿದ್ದೇನೆ. ಕೊರೊನಾ ಬಂದಾಗ ನಮಗೂ ಎಲ್ಲ ನಿಂತುಹೋಗಿತ್ತು. ನಿನಗೆ ಹೇಗಾಗುತ್ತಿದೆ ಅಂತ ಚೆನ್ನಾಗಿ ಗೊತ್ತು. ಎರಡು ವಾರ ಇದೆಯಲ್ವಾ, ಅಮ್ಮ ಮಾತಾಡುವಷ್ಟು ದಿನ ನೀನು ಮೈ ಬಿಡಬೇಡ. ಊಟ ಬಿಟ್ಟರೆ ಮೊದಲು ಹೋಗುವುದು ಕಾಲಿನ ಕಸುವು. ಒಪ್ಪಿಗೆ ಸಿಕ್ಕ ದಿನ ನಿನ್ನ ಕಾಲು ಏಳದಿದ್ದರೆ ಏನು ಮಾಡುತ್ತೀ?

ಮನೆ ಮುಂದೆ ಚಪ್ಪಲಿಗಳನ್ನು ಸಾಲಾಗಿ ಇಟ್ಟುಕೋ, ಅವೇ ಕೂತ ಹುಡುಗಿಯರು ಅಂದುಕೋ. ಅವುಗಳ ಮಧ್ಯೆ ಹಾವಿನಂತೆ ಬಳಸುತ್ತಾ ಚೈನ್ ಓಡು, ಆಮೇಲೆ ಗುಂಡಗೆ ಸುತ್ತುವ ರಿಂಗ್. ತಂಗಿಯೋ ಪಕ್ಕದ ಮನೆ ಹುಡುಗಿಯೋ ಅಟ್ಟಿಸಲಿ. ಕೂತಲ್ಲಿಂದ ಖೋ ಕೇಳಿ ಏಳುವುದನ್ನು ದಿನಾ ಮಾಡು, ನಮ್ಮ ತಂಡ ಸೋಲುತ್ತಿದ್ದುದೇ ಅಲ್ಲಿ. ಕಂಬ ಹಿಡಿದು ಹಾರಿ ಮುಟ್ಟುವ ಡೈವ್ ಮಾತ್ರ ಮನೆ ಹತ್ತಿರ ಬೇಡ, ಗಟ್ಟಿ ನೆಲಕ್ಕೆ ಬಿದ್ದರೆ ಮೊಣಕೈ ಕಿತ್ತುಹೋಗುತ್ತದೆ. ಅದನ್ನು ಮೈದಾನಕ್ಕೆ ಬಿಟ್ಟ ಮೇಲೆ ಸರ್ ಎದುರಿಗೇ ಮಾಡು.
ಹಳೆಯ ಆಟಗಾರ್ತಿ, ಮಂಡ್ಯ